ಯುದ್ಧದ ವಿಡಿಯೋ ಬಂತಾ? ತೆಗೆದವರು ಯಾರು ಅಂತ ಮೊದಲು ನೋಡಿ

ಗಲ್ಫ್ ಕಡೆ ಬಾಂಬ್ ಬಿತ್ತು ಅಂತ ಸುದ್ದಿ ಬಂದರೆ ಸಾಕು, ಮಂಗಳೂರಿನ ಫ್ಯಾಮಿಲಿ ಗ್ರೂಪುಗಳಲ್ಲಿ ವಿಡಿಯೋ ಶುರು. ಜೊತೆಗೆ ಒಂದು ಸಾಲು: ಟಿವಿಯವರು ತೋರಿಸದ್ದು, ಅಲ್ಲಿನ ಜನರೇ ತೆಗೆದದ್ದು, ಹಾಗಾಗಿ ನಿಜ. ಮಗ ಕುವೈತಿನಲ್ಲೋ ದುಬೈನಲ್ಲೋ ಇರುವ ಮನೆಯವರು ಗಾಬರಿಯಲ್ಲಿ ಮುಂದೆ ಕಳಿಸುತ್ತಾರೆ. ಅದು ಸಹಜವೇ.

ಆದರೆ ಆ "ಹಾಗಾಗಿ ನಿಜ" ಅನ್ನುವುದು ತಪ್ಪು. ಕಳಿಸಿದವರು ತೆಗೆದವರಲ್ಲ, ಅಲ್ವಾ? 2003ರ ಇರಾಕ್ ಯುದ್ಧದಲ್ಲಿ ಯುವಕನೊಬ್ಬ ಬಾಗ್ದಾದಿನಲ್ಲೇ ಕೂತು ಬರೆದ ಬ್ಲಾಗನ್ನು ಜಗತ್ತೇ ಓದಿತ್ತು. ಅಂಥವರ ಹಳೇ ಬರಹ ಅಲ್ಲೇ ಇರುತ್ತದೆ, ಹೋಲಿಸಿ ನೋಡಬಹುದು. ಫಾರ್ವರ್ಡಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. 2013ರ ಆರ್ಮಾ 3 ಎಂಬ ಕಂಪ್ಯೂಟರ್ ಗೇಮಿನ ದೃಶ್ಯಗಳೇ ಎಷ್ಟೋ ಸಲ ಯುದ್ಧದ ವಿಡಿಯೋ ಅಂತ ಓಡಾಡಿವೆ!

ವಿಡಿಯೋ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ (ಅಂಥದ್ದೇ ಚಿತ್ರ ಹುಡುಕಿಕೊಡುವ ಸೌಲಭ್ಯ) ಹಾಕಿ, ಹಳೇದಾದರೆ ಹೆಚ್ಚಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಅಂಗಡಿ ಬೋರ್ಡಿನ ಭಾಷೆ, ಗಾಡಿಯ ನಂಬರ್ ಪ್ಲೇಟ್ ಅಲ್ಲಿನದ್ದೇನಾ ಅಂತ ನೋಡಿ. ವಾಟ್ಸಾಪಿನಲ್ಲಿ ಜೋಡಿ ಬಾಣ ಇದ್ದರೆ ಅದು ಹಲವು ಕೈ ದಾಟಿ ಬಂದದ್ದು. ಇಲ್ಲವೇ ಮಗನಿಗೇ ಫೋನ್ ಮಾಡಿ. ಅವನಿಗೂ ಅದೇ ವಿಡಿಯೋ ಊರಿಂದಲೇ ಹೋಗಿರಬಹುದು, ಹಾಗಾಗಿ ಕಣ್ಣಾರೆ ಕಂಡೆಯಾ ಅಂತಲೇ ಕೇಳಿ.