ಚಿಲ್ಲರೆ ಜಂಭ

ನಿದ್ದೆ ಬಾರದ ರಾತ್ರಿ ನಾನು ಮೊಬೈಲಿನಲ್ಲಿ ಹಳೇ ನಾಣ್ಯಗಳ ಫೋಟೋ ನೋಡುತ್ತೇನೆ. ಚಿನ್ನದವಲ್ಲ. ರೋಮನ್ನರ ಕಾಲದಲ್ಲಿ ಈಗಿನ ಟರ್ಕಿಯ ಊರುಗಳು ತಾವೇ ಅಚ್ಚು ಹಾಕಿಕೊಂಡ ಕಂಚಿನ ಬಿಲ್ಲೆಗಳು. ದಿನದ ಖರ್ಚಿನ ಚಿಲ್ಲರೆ ಅಷ್ಟೇ. ಬರಹ ಗ್ರೀಕಿನಲ್ಲಿ. ಮುಂದೆ ಸಾಮಾನ್ಯವಾಗಿ ಚಕ್ರವರ್ತಿಯ ಮುಖ. ತಿರುಗಿಸಿದರೆ ಊರಿನ ಜಂಭ ಶುರು.

ಅಪಾಮಿಯಾ ಅಂತ ಒಂದು ಊರು. ಈಗ ಅದರ ಹೆಸರು ದಿನಾರ್, ನಾಣ್ಯದ ಕಥೆಗೆ ಹೇಳಿ ಮಾಡಿಸಿದಂತಿದೆ! ಆಗ ಅದಕ್ಕೆ 'ಕಿಬೋತೋಸ್' ಎಂಬ ಅಡ್ಡಹೆಸರಿತ್ತು. ಅಂದರೆ ಪೆಟ್ಟಿಗೆ. ಗ್ರೀಕ್ ಬೈಬಲಿನಲ್ಲಿ, ಜಲಪ್ರಳಯದಿಂದ ಪಾರಾದ ನೋಹನ ನಾವೆಗೂ ಅದೇ ಪದ. ಅಷ್ಟು ಸಾಕಾಯಿತು, ನೋಹ ನಮ್ಮವನೇ ಅಂದುಬಿಟ್ಟರು. ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ (193–211) ಕಾಲದ ಬಿಲ್ಲೆಯಲ್ಲಿ ನೀರ ಮೇಲೊಂದು ಪೆಟ್ಟಿಗೆ, ಮುಚ್ಚಳ ತೆರೆದಿದೆ. ಒಳಗೆ ಗಂಡ ಹೆಂಡತಿ, ಎದೆಮಟ್ಟ ಕಾಣುತ್ತಾರೆ. ಮೇಲೊಂದು ಹಕ್ಕಿ, ಇನ್ನೊಂದು ರೆಂಬೆ ಹಿಡಿದು ಬರುತ್ತಿದೆ. ಪಕ್ಕದಲ್ಲೇ ಅದೇ ಇಬ್ಬರು ಕೆಳಗಿಳಿದು ಕೈ ಎತ್ತಿ ನಿಂತಿದ್ದಾರೆ. ಯಾರಿಗೂ ಅನುಮಾನ ಬರಬಾರದಲ್ಲ, ಪೆಟ್ಟಿಗೆಯ ಮೇಲೆ 'ನೋಎ' ಅಂತ ಹೆಸರು ಬೇರೆ. ಎಲ್ಲಾ ಒಂದು ಅಂಗೈಯಗಲದೊಳಗೆ.

ಇದಾದರೂ ಪಾಪದ ಜಂಭ. ಎಫೆಸಸ್, ಸ್ಮಿರ್ನಾ ಎಂಬ ಎರಡು ಊರುಗಳದ್ದು ಜಗಳ. ಸ್ಮಿರ್ನಾ, ಅಂದರೆ ಈಗಿನ ಇಜ್ಮಿರ್, 'ಚೆಲುವಿನಲ್ಲೂ ಗಾತ್ರದಲ್ಲೂ ಏಷ್ಯಾಕ್ಕೆ ಮೊದಲಿಗರು' ಎಂದು ಕೊರೆಸಿತು (ಏಷ್ಯಾ ಅಂದರೆ ಇಲ್ಲಿ ಖಂಡವಲ್ಲ, ಆ ಊರುಗಳಿದ್ದ ರೋಮನ್ ಪ್ರಾಂತ್ಯ). ಎಫೆಸಸ್‌ನವರು ಒಂದು ಹೆಜ್ಜೆ ಮುಂದೆ ಹೋಗಿ 'ನಾವು ಮಾತ್ರವೇ ಮೊದಲಿಗರು' ಅಂದರು. ಆ 'ಮಾತ್ರ' ನೋಡಿ, ಎಷ್ಟು ಉರಿದಿರಬೇಕು! ಚಕ್ರವರ್ತಿಯ ಗುಡಿಗೆ ಪಾರುಪತ್ಯಗಾರರು ಎಂಬ ಬಿರುದು ಎಷ್ಟು ಸಲ ಸಿಕ್ಕಿತೆಂದು ಲೆಕ್ಕವನ್ನೂ ಬಿಲ್ಲೆಯ ಮೇಲೇ ಹಾಕುತ್ತಿದ್ದರು.

ದೂರು ಚಕ್ರವರ್ತಿಯವರೆಗೂ ಹೋಗಿತ್ತು. ಕೂಡಿ ಮಾಡುವ ಪೂಜೆಯೊಂದರ ನಿರ್ಣಯದಲ್ಲಿ ಸ್ಮಿರ್ನಾದವರು ನಮ್ಮ ಬಿರುದು ಬಿಟ್ಟಿದ್ದಾರೆ ಅಂತ ಎಫೆಸಸ್‌ನವರ ಗೋಳು. ಆಂಟೊನೈನಸ್ ಪೈಯಸ್ (138–161) ಉತ್ತರ ಬರೆದ: ಕೈತಪ್ಪಿ ಬಿಟ್ಟುಹೋಗಿರಬೇಕು, ನೀವೂ ಅವರಿಗೆ ಬರೆಯುವಾಗ ಅವರ ಬಿರುದು ಸರಿಯಾಗಿ ಹಾಕಿ, ಅವರೂ ಹಾಕುತ್ತಾರೆ. ಇಷ್ಟು ದೊಡ್ಡ ಸಾಮ್ರಾಜ್ಯ ನೋಡಿಕೊಳ್ಳುವವನಿಗೆ ಇದೊಂದು ಕೆಲಸ, ಅಲ್ವಾ?

ರಾಜಿಯ ನಾಣ್ಯಗಳೂ ಇವೆ. 'ಹೊಮೊನೊಯಾ', ಅಂದರೆ ಒಮ್ಮನಸ್ಸು, ಎಂಬ ಬರಹ. ಎಫೆಸಸ್‌ನ ಆರ್ಟೆಮಿಸ್ ದೇವಿಯ ಪಕ್ಕದಲ್ಲಿ ಸ್ಮಿರ್ನಾದ ಇಬ್ಬರು ನೆಮೆಸಿಸ್ ದೇವಿಯರು ಸುಮ್ನೆ ನಿಂತಿರುತ್ತಾರೆ. ಊರುಗಳ ಹೆಸರೂ ಅಕ್ಕಪಕ್ಕ. ಸಾಮಾನ್ಯವಾಗಿ ಅಚ್ಚು ಹಾಕಿಸಿದವರದ್ದೇ ಮೊದಲು.