ನಡೆ ಮುಚ್ಚಿದ ಮೇಲೆ

ದೇವಸ್ಥಾನಗಳ ಮುಚ್ಚಿದ ಬಾಗಿಲುಗಳ ಬಗ್ಗೆ ಯಾರಾದರೂ ಪುಸ್ತಕ ಬರೆಯುವುದಿದ್ದರೆ ಮೊದಲು ನಮ್ಮ ಮನೆಗೆ ಬರುವುದು ಒಳ್ಳೆಯದು. ಯಾವ ಬಾಗಿಲಿಗೆ ಹಿತ್ತಾಳೆಯ ತಗಡು ಹೊದೆಸಿದ್ದಾರೆ, ಯಾವುದರ ಚಿಲಕದ ಸುತ್ತ ಎಣ್ಣೆಯ ಜಿಡ್ಡು ಅಂಟಿದೆ, ಯಾವುದರ ಸಂದಿಗೆ ಒಂದು ಕಣ್ಣಿಟ್ಟರೆ ಒಳಗಿನ ದೀಪದ ಕುಡಿ ಕಾಣುತ್ತದೆ ಎಂಬುದೆಲ್ಲ ನಮಗೆ ಬಾಯಿಪಾಠ. ನಾವು ಕೇರಳದ ಕಾಸರಗೋಡಿನ ಕಡೆಯ ಕುಂಬಳೆ ಸೀಮೆಯವರು. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ. ಆದರೆ ಅಜ್ಜಿಯಿಂದ ಹಿಡಿದು ತಂಗಿಯವರೆಗೆ ಎಲ್ಲರಿಗೂ ತಪ್ಪಿಲ್ಲದೆ ಬರುತ್ತಿದ್ದ ಮಲಯಾಳದ ವಾಕ್ಯ ಒಂದೇ: ‘ನಡ ಅಡಚ್ಚು.’ ನಡೆ, ಎಂದರೆ ಗರ್ಭಗುಡಿಯ ಬಾಗಿಲು, ಮುಚ್ಚಿತು.

ಅಪ್ಪನಿಗೆ ಭಕ್ತಿ ಕಡಿಮೆಯೆಂದು ಯಾರೂ ಹೇಳುವಂತಿರಲಿಲ್ಲ. ಹೊರಡುವ ದಿನ ಅವರು ಬೆಳಗ್ಗೆ ನಾಲ್ಕಕ್ಕೇ ಎದ್ದು ನಮ್ಮನ್ನೂ ಎಬ್ಬಿಸುತ್ತಿದ್ದರು. ಆದರೆ ತೋಟದ ಪಂಪು ನಿಲ್ಲಿಸಿ ಬರುವಾಗ ಯಾವುದೋ ಕಣಿಯಲ್ಲಿ ನೀರು ಒಡೆದು ಹರಿಯುವುದು ಕಾಣುತ್ತಿತ್ತು; ಅದನ್ನು ಕಟ್ಟಿ, ಮಿಂದು ಬರುವಷ್ಟರಲ್ಲಿ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಮೇಲೆ ಮೋಡದ ನೆರಳು ಬೀಳುತ್ತಿತ್ತು; ಎಲ್ಲರೂ ಸೇರಿ ಅಡಿಕೆ ಬಾಚಿ ಒಳಗೆ ಹಾಕಿದ ಮೇಲೆ ಚುರುಗುಟ್ಟುವ ಬಿಸಿಲು ಬರುತ್ತಿತ್ತು. ತಡವಾಗದಿರಲೆಂದು ಅವರು ತಮ್ಮ ಕೈಗಡಿಯಾರವನ್ನು ಹತ್ತು ನಿಮಿಷ ಮುಂದೆ ಇಟ್ಟಿದ್ದರು. ಹಾಗೆ ಇಟ್ಟದ್ದು ಅವರಿಗೆ ಚೆನ್ನಾಗಿ ನೆನಪಿದ್ದುದರಿಂದ ಗಂಟೆ ನೋಡಿದಾಗಲೆಲ್ಲ ಅದರಲ್ಲಿ ಹದಿನೈದು ನಿಮಿಷ ಕಳೆಯುತ್ತಿದ್ದರು.

ಹತ್ತಿರದ ಮಧೂರಿನಲ್ಲಿಯೂ ನಮ್ಮ ಅವಸ್ಥೆ ಇದೇ. ಹೆಸರಿಗೆ ಅದು ಮದನಂತೇಶ್ವರನ ಗುಡಿಯಾದರೂ ಜನ ಮುಗಿಬೀಳುವುದು ಗಣಪತಿಯ ಮುಂದೆ. ಆ ಗಣಪತಿಗೆ ಪ್ರೀತಿ ಅಪ್ಪ ಎಂಬ ಸಿಹಿ ತಿಂಡಿ. ತಂಗಿಗೂ ಅಷ್ಟೇ ಪ್ರೀತಿ. ಒಮ್ಮೆ ನಾವು ತಲಪುವಾಗ ನಡೆಯೂ ಮುಚ್ಚಿ, ಪ್ರಸಾದ ಕೊಡುವ ಕಿಟಕಿಯೂ ಮುಚ್ಚಿದಾಗ ಅವಳು ಮೆಟ್ಟಿಲ ಮೇಲೆ ಕುಳಿತು “ಅಪ್ಪ ಬೇಕು, ಅಪ್ಪ ಬೇಕು” ಎಂದು ಹಟಹಿಡಿದು ಅತ್ತಳು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ಮಗು ತಂದೆಯಿಂದ ತಪ್ಪಿಸಿಕೊಂಡಿದೆಯೆಂದು ಬಗೆದು, ಅವಳನ್ನು ಎತ್ತಿಕೊಂಡು ಕಣ್ಣೊರೆಸಿ, ಪಕ್ಕದಲ್ಲೇ ನಿಂತಿದ್ದ ನಮ್ಮ ಅಪ್ಪನನ್ನೇ ಕೇಳಿದರು: “ಈ ಮಗುವಿನ ಅಪ್ಪನನ್ನು ಎಲ್ಲಿಯಾದರೂ ಕಂಡಿರಾ?” ಅಪ್ಪನಿಗೆ ಉತ್ತರ ಹೊಳೆಯಲಿಲ್ಲ. ತಂಗಿಯಂತೂ ಅವರನ್ನು ನೋಡಿ “ಈ ಅಪ್ಪ ಅಲ್ಲ” ಎಂದುಬಿಟ್ಟಳು.

ಅನಂತಪುರದಲ್ಲಿ ದೇವರು ತಪ್ಪಿದರೂ ಮೊಸಳೆಯಾದರೂ ಸಿಕ್ಕೀತೆಂಬ ಆಸೆಯಿತ್ತು. ತಿರುವನಂತಪುರದ ಅನಂತಪದ್ಮನಾಭನಿಗೆ ಮೂಲಸ್ಥಾನವೆಂದು ನಮ್ಮವರು ನಂಬುವ ಈ ಗುಡಿ ಕೆರೆಯ ನಡುವೆ ಇದೆ. ಆ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ ನೈವೇದ್ಯದ ಅನ್ನ ತಿಂದು ಬದುಕುತ್ತದೆಂದು ಊರಿಗೆಲ್ಲ ಗೊತ್ತಿತ್ತು. ನಾವು ಹೋದಾಗ ಮಧ್ಯಾಹ್ನದ ಪೂಜೆ ಮುಗಿದು ನಡೆ ಮುಚ್ಚಿತ್ತು, ಮೊಸಳೆಯೂ ಉಂಡು ಗುಹೆ ಸೇರಿತ್ತು. ಅಷ್ಟರಲ್ಲಿ ಸೋದರಮಾವ “ಅಗೋ, ಅಲ್ಲಿ!” ಎಂದು ಕೆರೆಯ ಮೂಲೆಗೆ ಬೆರಳು ತೋರಿಸಿದರು. ಕಂದುಬಣ್ಣದ, ಉದ್ದನೆಯ, ಬೆನ್ನಿನ ಮೇಲೆ ಏರುತಗ್ಗುಗಳಿದ್ದ ಏನೋ ಒಂದು ನೀರಿನ ಮೇಲೆ ಅಲುಗಾಡದೆ ಮಲಗಿತ್ತು. ಅಜ್ಜಿ ಮಂಡಿಯೂರಿ ಕೈಮುಗಿದರು, ನಾವೆಲ್ಲ ಕೈಮುಗಿದೆವು, ಅಮ್ಮ ನನ್ನ ಗಣಿತದ ಅಂಕಗಳ ವಿಷಯವನ್ನೂ ಅರಿಕೆ ಮಾಡಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಗಾಳಿ ಬೀಸಿ ಅದು ತೇಲುತ್ತ ನಮ್ಮ ದಡಕ್ಕೇ ಬಂತು. ತೆಂಗಿನ ಮಡಲು. ಗಣಿತದಲ್ಲಿ ಆ ವರ್ಷ ನನಗೆ ಬಂದ ಅಂಕಗಳೂ ಮಡಲಿನ ಯೋಗ್ಯತೆಗೆ ತಕ್ಕಂತೆಯೇ ಇದ್ದವು. ಬಬಿಯಾವನ್ನು ನಾನು ಸರಿಯಾಗಿ ನೋಡಿದ್ದು 2022ರ ಅಕ್ಟೋಬರಿನಲ್ಲಿ, ಅದು ತೀರಿಕೊಂಡ ಮೇಲೆ, ಟಿವಿಯಲ್ಲಿ. ಅಲ್ಲಿಗೂ ತಡವಾಗಿತ್ತು.

ಗುರುವಾಯೂರಿನ ಕಥೆ ಮಾತ್ರ ಬೇರೆ. ಅಲ್ಲಿಗೆ ನಾವು ತಡವಾಗಿ ಹೋಗಲಿಲ್ಲ. ನಮ್ಮಿಂದಾಗಿಯೇ ಅಲ್ಲಿ ಎಲ್ಲರಿಗೂ ತಡವಾಯಿತು.

ಚಿಕ್ಕಮ್ಮನ ಮಗನಿಗೆ ಆರು ತಿಂಗಳು ತುಂಬಿದಾಗ ಅಲ್ಲಿ ಅನ್ನ ಉಣ್ಣಿಸುವ ಹರಕೆಯಿತ್ತು. ಮಲಯಾಳದಲ್ಲಿ ಅದಕ್ಕೆ ಚೋರೂಣ್ ಎನ್ನುತ್ತಾರೆ. ಗುರುವಾಯೂರಿಗೆ ರೈಲು ಬಂದದ್ದು 1994ರಲ್ಲಿ. ನಾವು ಹೋದದ್ದು ಅದಕ್ಕೂ ಕೆಲವು ವರ್ಷ ಮೊದಲು. ಹಾಗಾಗಿ ಹನ್ನೊಂದು ಜನ, ಮೂರು ಬುತ್ತಿಗಂಟು, ಒಂದು ಮಿಡಿ ಉಪ್ಪಿನಕಾಯಿಯ ಭರಣಿ ಸಹಿತ ಕಾಸರಗೋಡಿನಲ್ಲಿ ರೈಲು ಹತ್ತಿ, ಕುಟ್ಟಿಪ್ಪುರದಲ್ಲಿ ಇಳಿದು, ಭಾರತಪ್ಪುಳ ದಾಟಿ ಬಸ್ಸಿನಲ್ಲಿ ಗುರುವಾಯೂರು ಸೇರಿದೆವು. ತೋಟವೂ ಅಡಿಕೆಯೂ ಇಲ್ಲದ ಊರಾದ್ದರಿಂದ ಮರುದಿನ ಅಪ್ಪ ಹೊತ್ತಿಗೆ ಸರಿಯಾಗಿ ಹೊರಟರು. ಮಗುವಿಗೆ ಅನ್ನ, ಪಾಯಸ, ಮೇಲಿಂದ ನಾಲ್ಕು ಚಮಚ ನೀರು ಆಯಿತು. ಆಮೇಲೆ ದರ್ಶನಕ್ಕೆ ಸಾಲು ಹಿಡಿದೆವು.

ಅಲ್ಲಿ ಗಂಡಸರು ಅಂಗಿ ಕಳಚಿ ಮುಂಡು ಉಟ್ಟು ಹೋಗಬೇಕು. ಹತ್ತು ವರ್ಷದ ನನಗೆ ಹೊರಗಿನ ಅಂಗಡಿಯಲ್ಲಿ ಕೊಂಡ ಹೊಸ ಮುಂಡಿಗೆ ಅದೆಷ್ಟು ಗಂಜಿ ಹಾಕಿದ್ದರೆಂದರೆ ಅದು ಸೊಂಟದಲ್ಲಿ ನಿಲ್ಲುವುದರ ಬದಲು ನನ್ನ ಸುತ್ತ ತಟ್ಟಿಯಂತೆ ನಿಂತಿತ್ತು. ಎಡಗೈಯಲ್ಲಿ ಅದನ್ನು ಹಿಡಿದುಕೊಂಡು, ಬಲಗೈಯಲ್ಲಿ ಮಗುವಿನ ಹಾಲಿನ ಬಾಟಲಿ ಹಿಡಿದುಕೊಂಡು, ಮೂರು ಗಂಟೆಯ ಕಾಲ ಹೆಜ್ಜೆಗೆ ಹೆಜ್ಜೆ ಸೇರಿಸುತ್ತ ಕೊನೆಗೂ ಒಳಗೆ ಬಂದೆವು. ನಮ್ಮ ವಂಶದಲ್ಲೇ ಮೊದಲ ಬಾರಿಗೆ ನಡೆ ತೆರೆದಿತ್ತು! ಒಳಗೆ ದೀಪಗಳ ಸಾಲು, ನಡುವೆ ಆ ಪುಟ್ಟ ಮೂರ್ತಿ. ಚಿಕ್ಕಮ್ಮ ಮಗುವನ್ನು ಎರಡೂ ಕೈಗಳಿಂದ ಮೇಲೆತ್ತಿ ತೋರಿಸಿದರು. ಮಗು ದೀಪ ನೋಡಿ ನಕ್ಕಿತು. ನಕ್ಕ ಬೆನ್ನಿಗೇ ಅದರ ಬೆಳ್ಳಿಯ ಉಡಿದಾರದ ಕೆಳಗಿನಿಂದ ಒಂದು ಹನಿ, ಇನ್ನೊಂದು ಹನಿ, ಆಮೇಲೆ ಲೆಕ್ಕವಿಲ್ಲ. ಅದು ಕರಿಕಲ್ಲಿನ ಹಾಸಿನ ಮೇಲೆ ಸಣ್ಣ ತೋಡಿನಂತೆ ಹರಿದು ಬಂದು ನನ್ನ ಹೆಬ್ಬೆರಳಿಗೆ ಬೆಚ್ಚಗೆ ತಾಗಿತು.

ಮನೆತನದ ಮಾನ ಉಳಿಸುವ ಹೊಣೆ ನನ್ನದೆಂದುಕೊಂಡು ಕಾಲು ಚಾಚಿ ಅದನ್ನು ಮರೆಮಾಡಹೋದೆ. ಕಾಲು ಚಾಚಿದಾಗ ಮುಂಡು ಕಳಚಿ ಬಿತ್ತು. ಮುಂಡು ಬಿದ್ದದ್ದನ್ನು ನೋಡಲು ತಿರುಗಿದ ಕಾವಲುಗಾರ ನೆಲವನ್ನೂ ನೋಡಿದ.

ಮಗು ಒಳಗೆ ಉಚ್ಚೆ ಹೊಯ್ದರೆ ಅಲ್ಲಿ ದರ್ಶನ ನಿಲ್ಲಿಸಿ ಪುಣ್ಯಾಹ ಮಾಡಿ ಶುದ್ಧಿಗೊಳಿಸಬೇಕು. “ಪುಣ್ಯಾಹಂ” ಎಂಬ ಕೂಗು ಒಳಗಿನಿಂದ ಹೊರಗೆ ಬಾಯಿಂದ ಬಾಯಿಗೆ ಸಾಗಿತು. ಎಲ್ಲರ ಜೊತೆ ನಮ್ಮನ್ನೂ ಹೊರಗೆ ಕಳಿಸಿದರು. ಬಿಸಿಲಿನಲ್ಲಿ ನಿಂತ ಜನ ಯಾರ ಮಗುವೆಂದು ತಿಳಿಯದೆ ಬಯ್ಯತೊಡಗಿದರು. ಚಿಕ್ಕಮ್ಮ ಒದ್ದೆ ಬಟ್ಟೆಯನ್ನು ಉಪ್ಪಿನಕಾಯಿ ಭರಣಿಯ ಚೀಲದಲ್ಲಿ ತುರುಕಿದರು (ಆ ಉಪ್ಪಿನಕಾಯಿಯನ್ನು ಮುಂದೆ ಯಾರೂ ಕೇಳಲಿಲ್ಲ). ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಲಯಾಳ ಬರುತ್ತಿದ್ದ ಸೋದರಮಾವನಿಗೆ ಒಂದು ಉಪಾಯ ಹೊಳೆಯಿತು. ಅವರು ನಾಲ್ಕು ಹೆಜ್ಜೆ ಮುಂದೆ ಹೋಗಿ, ಬಯ್ಯುತ್ತಿದ್ದವರ ನಡುವೆ ನಿಂತು, “ಇಂಥವರು ಮಕ್ಕಳನ್ನು ಯಾಕೆ ಕರೆದುಕೊಂಡು ಬರುತ್ತಾರೋ! ತಂದೆತಾಯಿಗಳಿಗೆ ಬುದ್ಧಿ ಬೇಡವೇ?” ಎಂದು ಶುದ್ಧ ಮಲಯಾಳದಲ್ಲಿ ಎಲ್ಲರಿಗಿಂತ ಜೋರಾಗಿ ಬಯ್ದರು. ಜನ ತಲೆದೂಗಿದರು, ಒಬ್ಬರು ಬೀಸಣಿಗೆಯನ್ನೂ ಕೊಟ್ಟರು. ಪುಣ್ಯಾಹ ಮುಗಿಯುವ ಹೊತ್ತಿಗೆ ಅಪ್ಪ ಗಡಿಯಾರ ನೋಡಿ, ಹದಿನೈದು ನಿಮಿಷ ಕಳೆದು, ಇನ್ನೂ ಸಮಯ ಉಂಟು ಎಂದರು. ಸ್ವಲ್ಪ ಹೊತ್ತಿನಲ್ಲೇ ಮಧ್ಯಾಹ್ನದ ನಡೆ ಮುಚ್ಚಿತು.

ಆ ಮಗುವಿಗೆ ಈಗ ಮದುವೆಯಾಗಿ ಮಗನಿದ್ದಾನೆ. ಈಚೆಗೆ ಅವನ ಚೋರೂಣಿಗೂ ಹೋಗಿದ್ದೆವು. ಈ ಸಲ ವಂದೇ ಭಾರತ್ ರೈಲಿನಲ್ಲಿ ತ್ರಿಶೂರಿನವರೆಗೆ. ಹಿಂದಿನ ಪಾಠ ಮರೆಯದ ಅಮ್ಮ ಮಗುವಿಗೆ ಒಂದರ ಮೇಲೊಂದರಂತೆ ಎರಡು ಡೈಪರ್ ತೊಡಿಸಿ, ಅದರ ಮೇಲೆ ಪಟ್ಟೆಯ ತುಂಡು ಸುತ್ತಿದ್ದರು. ಮಗು ಅದರಲ್ಲಿ ತೆಂಗಿನಕಾಯಿಯಂತೆ ದುಂಡಗೆ ಕುಳಿತಿತ್ತು. ಸಾಲು ಸರಾಗವಾಗಿ ಸಾಗುತ್ತಿತ್ತು. ಇನ್ನೇನು ಒಳಗೆ ಕಾಲಿಡಬೇಕೆನ್ನುವಾಗ ಎದುರಿನಿಂದ ಅದೇ ಕೂಗು ಕೇಳಿತು: “ಪುಣ್ಯಾಹಂ!”

ಯಾರೂ ನಮ್ಮ ಕಡೆಗೆ ನೋಡಿರಲಿಲ್ಲ. ಆದರೆ ಅಮ್ಮ ಮಗುವನ್ನು ಥಟ್ಟನೆ ಎತ್ತಿ, ಡೈಪರಿನೊಳಗೆ ಬೆರಳಿಟ್ಟು ನೋಡಿ, ಅದನ್ನು ತಲೆಗಿಂತ ಮೇಲೆ ಹಿಡಿದು, ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಸಾರಿದರು: “ನಮ್ಮದಲ್ಲ! ನಮ್ಮದಲ್ಲ!” ಯಾವ ಮಲಯಾಳಿಗಾದರೂ ಅರ್ಥವಾಗುವ ಕನ್ನಡ ಅದು. ಇಡೀ ಸಾಲು ಒಟ್ಟಿಗೇ ತಿರುಗಿ ನಮ್ಮನ್ನು ನೋಡಿತು. ಎಂಬತ್ತು ದಾಟಿದ ಸೋದರಮಾವ ಅಷ್ಟರಲ್ಲಾಗಲೇ ಊರುಗೋಲು ಕುಟ್ಟುತ್ತ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತು, ಇಂಥವರು ಮಕ್ಕಳನ್ನು ಯಾಕೆ ಕರೆದುಕೊಂಡು ಬರುತ್ತಾರೋ ಎಂದು ಮಲಯಾಳದಲ್ಲಿ ಶುರುಮಾಡಿದ್ದರು.