ಇಲಿ ಬಿದ್ದಿದೆ ಎಂದರೆ ಈಗ ಯಾರಿಗೆ ಹೇಳಬೇಕು?

ನನ್ನ ಅಜ್ಜಿ ಪ್ಲೇಗಿನ ಕಥೆ ಹೇಳುವಾಗ ಕಾಯಿಲೆಯ ಹೆಸರನ್ನು ಬಳಸುತ್ತಿದ್ದುದೇ ಅಪರೂಪ. "ಇಲಿ ಬಿತ್ತು, ಊರು ಬಿಟ್ಟೆವು" ಎನ್ನುತ್ತಿದ್ದರು, ಅಷ್ಟೇ. ಅಟ್ಟದಿಂದ ಒಂದು ಇಲಿ ತಾನಾಗಿ ಸತ್ತು ಬಿದ್ದರೆ ಸಾಕು, ಪಾತ್ರೆ ಪಡಗ, ದನಕರು, ಮಕ್ಕಳು ಎಲ್ಲವನ್ನೂ ಹೊರಡಿಸಿಕೊಂಡು ಊರಾಚೆಯ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. ಮನುಷ್ಯನಿಗೆ ಜ್ವರ ಬರುವ ತನಕ ಕಾಯುತ್ತಿರಲಿಲ್ಲ. ಓದು ಬರಹ ಬಾರದ ಜನ ಇಲಿಯ ಸಾವನ್ನು ಓದುತ್ತಿದ್ದರು.

ಈ ಮಾತು ಜೂನ್ ತಿಂಗಳಿನಿಂದ ನನ್ನನ್ನು ಬಿಡುತ್ತಿಲ್ಲ. ಬೆಂಗಳೂರಿನ ನಮ್ಮ ಬೀದಿಯಲ್ಲಿ ಏಳು ವರ್ಷದ ಹುಡುಗನೊಬ್ಬನಿಗೆ ನಾಯಿ ಕಚ್ಚಿತು. ಮೀನಖಂಡದಲ್ಲಿ ಆಳವಾದ ಗಾಯ. ಮನೆಯವರು ಅರಿಶಿನ, ಸುಣ್ಣ ಎಂದು ಓಡಾಡುತ್ತಿದ್ದರು. ತಡೆದು, ನಲ್ಲಿಯ ಕೆಳಗೆ ಕಾಲು ಹಿಡಿಸಿ ಹದಿನೈದು ನಿಮಿಷ ಸೋಪು ಹಾಕಿ ತೊಳೆಸಿದೆ. (ದಯವಿಟ್ಟು ಇದನ್ನು ನೆನಪಿಡಿ. ಗಾಯಕ್ಕೆ ಏನನ್ನೂ ಮೆತ್ತಬೇಡಿ. ಹರಿಯುವ ನೀರು, ಸೋಪು, ಆಮೇಲೆ ನೇರ ಆಸ್ಪತ್ರೆ.) ಆಸ್ಪತ್ರೆಯಲ್ಲಿ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೊಟ್ಟರು, ಲಸಿಕೆ ಶುರು ಮಾಡಿದರು, ಮುಂದಿನ ಡೋಸುಗಳ ದಿನ ಬರೆದುಕೊಟ್ಟರು. ರೇಬೀಸ್ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಉಳಿಸುವ ದಾರಿ ಇಲ್ಲವೆಂದೇ ಹೇಳಬೇಕು. ಆದ್ದರಿಂದ ಆ ದಾದಿಯ ಕೈಗಳಿಗೆ ನಾನು ಋಣಿ. ಹುಡುಗ ಚೆನ್ನಾಗಿದ್ದಾನೆ.

ಆದರೆ ದಾದಿ ಬರೆದುಕೊಂಡ ಪುಸ್ತಕದಲ್ಲಿ ಹುಡುಗನ ಹೆಸರು, ವಯಸ್ಸು, ಗಾಯ ಎಲ್ಲ ಇತ್ತು. ನಾಯಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದು ಯಾವ ಬೀದಿಯದು, ಸಂತಾನಶಕ್ತಿಹರಣ ಆಗಿದೆಯೆಂದು ಕಿವಿಯ ತುದಿ ಕತ್ತರಿಸಿದ ಗುರುತು ಇತ್ತೇ, ಇನ್ನೂ ಬದುಕಿದೆಯೇ? ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕೆಂಬುದು ವೈದ್ಯರಿಗೆ ಗೊತ್ತಿರುವ ನಿಯಮ. ಗಮನಿಸುವವರು ಯಾರು? ನಾನೇ ಫೋನ್ ಮಾಡಿದೆ. ನಾಯಿಗಳನ್ನು ನೋಡಿಕೊಳ್ಳುವ ವಿಭಾಗಕ್ಕೆ ವಿಷಯವೇ ತಿಳಿದಿರಲಿಲ್ಲ. ಮೂಲೆಯ ಖಾಲಿ ಸೈಟಿನಲ್ಲಿ ಕೋಳಿ ತ್ಯಾಜ್ಯ ಬೀಳುತ್ತದೆ, ನಾಯಿಗಳು ಸೇರುವುದು ಅದಕ್ಕೇ ಎಂದೆ. ಕಸ ಬೇರೆಯವರದು ಎಂದರು. ಕಸದವರಿಗೆ ಫೋನ್ ಮಾಡಿದೆ. ನಾಯಿ ಬೇರೆಯವರದು ಎಂದರು.

ಉತ್ತರ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆಯಿಂದ. "ಅದು ಮರಿ ಹಾಕಿರುವ ನಾಯಿ ಅಮ್ಮಾ, ಆ ಮೋರಿ ಪಕ್ಕದಲ್ಲೇ ನಾಲ್ಕು ಮರಿ ಇವೆ. ಹತ್ತಿರ ಹೋದರೆ ಕಚ್ಚದೆ ಇರುತ್ತದೆಯೇ? ರಾತ್ರಿ ಹನ್ನೊಂದರ ಮೇಲೆ ಚೀಲ ಎಸೆದು ಹೋಗುತ್ತಾರೆ, ಅದಕ್ಕೇ ಇಲ್ಲಿ ಮರಿ ಹಾಕಿದೆ. ಹೆಗ್ಗಣವೂ ಜಾಸ್ತಿ ಆಗಿವೆ, ಈ ವಾರ ಎರಡು ಸತ್ತು ಬಿದ್ದಿದ್ದವು, ನಾನೇ ಎತ್ತಿ ಹಾಕಿದೆ." ನನಗೆ ಮೈ ಜುಮ್ಮೆಂದಿತು. ಕಸ, ನಾಯಿ, ಹೆಗ್ಗಣ, ಮಗು, ಇವುಗಳ ನಂಟನ್ನು ಆಕೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದರು. ಅದೂ ಕೈಗವಸಿಲ್ಲದ ಕೈಯಲ್ಲಿ ಪೊರಕೆ ಹಿಡಿದು. ಇಲಿಜ್ವರ ಬರುವುದು ಇಲಿ ಹೆಗ್ಗಣಗಳ ಮೂತ್ರ ಸೇರಿದ ನೀರು ಕೈಕಾಲಿನ ಗಾಯದೊಳಗೆ ಹೋದಾಗ. ಮಳೆಗಾಲದಲ್ಲಿ ಆ ನೀರಿಗೆ ಮೊದಲು ಇಳಿಯುವವರು ಇವರೇ.

ಮನುಷ್ಯನ ಆರೋಗ್ಯ, ಪ್ರಾಣಿಗಳ ಆರೋಗ್ಯ, ನೆಲ ಜಲದ ಆರೋಗ್ಯ ಒಂದೇ ಎಂಬ ಈ ತಿಳಿವಳಿಕೆಗೆ ವಿಜ್ಞಾನಿಗಳು ಒನ್ ಹೆಲ್ತ್ ಎಂದು ಹೆಸರಿಟ್ಟಿದ್ದಾರೆ. ಇದು ಕರ್ನಾಟಕಕ್ಕೆ ಹೊರಗಿನಿಂದ ಬಂದ ಮಾತೇನಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಉಣುಗಿನಿಂದ (ಉಣ್ಣೆಹುಳುವಿನಿಂದ) ಹರಡುವ, ಮಂಗನ ಕಾಯಿಲೆ ತರುವ ಹೊಸ ವೈರಸ್ಸನ್ನು ಜಗತ್ತು ಕಂಡದ್ದು ಹಾಗೆ. ಇಂದಿಗೂ ಮಲೆನಾಡಿನಲ್ಲಿ ಮಂಗ ಸತ್ತರೆ ಅದು ಸುದ್ದಿ. ಅರಣ್ಯ, ಪಶು ವೈದ್ಯ, ಆರೋಗ್ಯ, ಮೂರೂ ಇಲಾಖೆಗೆ ಅದು ಮುಟ್ಟಬೇಕು. ಸತ್ತ ಜಾಗದ ಸುತ್ತ ಉಣುಗು ಸಾಯಿಸುವ ಪುಡಿ ಹಾಕುತ್ತಾರೆ, ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚುವ ಎಣ್ಣೆ ಕೊಡುತ್ತಾರೆ. ಅಲ್ಲೂ ಲೋಪಗಳಿವೆ, ಸಾವುಗಳಾಗಿವೆ, ಬಲ್ಲೆ. ಆದರೂ ಕಾಡಂಚಿನ ಹಳ್ಳಿಗೆ ಗೊತ್ತಿರುವ ಪಾಠ ರಾಜಧಾನಿಯ ಬೀದಿಗೆ ಏಕೆ ಗೊತ್ತಿಲ್ಲ?

ಗೊತ್ತಿತ್ತು. 1898ರಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನ ದಾರಿ ಹಿಡಿದು ಪ್ಲೇಗು ಬೆಂಗಳೂರಿಗೆ ಬಂದಾಗ ನಗರ ತನ್ನನ್ನೇ ತಿದ್ದಿಕೊಂಡಿತು. ಗಾಳಿ ಬೆಳಕಿಲ್ಲದ ಪೇಟೆಯಿಂದ ಜನ ಹೊರಗೆ ಹರಡಿದರು. ಬಸವನಗುಡಿ, ಮಲ್ಲೇಶ್ವರಗಳು ಭರದಿಂದ ಬೆಳೆದದ್ದು ಆ ನಂತರವೇ. ಚರಂಡಿ, ಅಗಲ ರಸ್ತೆ, ಮನೆಯ ಹಿಂದೆ ಓಣಿ, ಇವೆಲ್ಲ ಕಾಯಿಲೆಗೆ ಕೊಟ್ಟ ಉತ್ತರಗಳಾಗಿದ್ದವು. ಪ್ಲೇಗಮ್ಮನ ಗುಡಿಗಳು ಈಗಲೂ ಇವೆ. ನಾನು ಹಾದುಹೋಗುವಾಗಲೆಲ್ಲ ನಿಂತು ಕೈಮುಗಿಯುತ್ತೇನೆ.

ಇನ್ನೂ ನೋವಾಗುವುದು ಇದಕ್ಕೆ: ಬೇಕಾದ ಬುದ್ಧಿಯೆಲ್ಲ ಇದೇ ಊರಿನಲ್ಲಿದೆ. ನಿಮ್ಹಾನ್ಸ್‌ನಲ್ಲಿ ಮನುಷ್ಯರ ರೇಬೀಸ್ ಪರೀಕ್ಷೆ ಮಾಡುವ, ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದ ಕೇಂದ್ರವಿದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಾಣಿಗಳ ರೇಬೀಸ್ ಪತ್ತೆ ಮಾಡುವ ಪ್ರಯೋಗಾಲಯವಿದೆ. ಯಲಹಂಕದ ನಿವೇದಿ ಸಂಸ್ಥೆ ದೇಶದ ಜಾನುವಾರು ರೋಗಗಳ ಲೆಕ್ಕ ಇಡುತ್ತದೆ. ಒನ್ ಹೆಲ್ತ್ ಪ್ರಾಯೋಗಿಕ ಯೋಜನೆಯನ್ನು ಕೇಂದ್ರದ ಪಶುಸಂಗೋಪನಾ ಇಲಾಖೆ 2022ರ ಜೂನ್‌ನಲ್ಲಿ ಉದ್ಘಾಟಿಸಿದ್ದು ಬೆಂಗಳೂರಿನಲ್ಲೇ. ಅದೇ ವರ್ಷದ ಕೊನೆಗೆ ರಾಜ್ಯ ಸರ್ಕಾರ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿತು. ಕೋವಿಡ್ ಕಾಲದಲ್ಲಿ ಇದೇ ನಗರದ ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ನೀರು ತೆಗೆದು ವೈರಸ್ ಏರುತ್ತಿದೆಯೇ ಎಂದು ನೋಡಿದರು. ಚರಂಡಿಯೂ ಮಾತಾಡುತ್ತದೆ, ಕೇಳುವ ಕಿವಿ ಇದ್ದರೆ. ಇಷ್ಟೆಲ್ಲ ಇದ್ದೂ, ನಮ್ಮ ಬೀದಿಯ ನಾಯಿಗೂ ಆಸ್ಪತ್ರೆಯ ಪುಸ್ತಕಕ್ಕೂ ನಡುವೆ ಒಂದು ದಾರ ಕಟ್ಟಲು ಆಗಿಲ್ಲ.

ಇನ್ನು ನಾಯಿಗಳ ವಿಷಯ. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನನ್ನನ್ನು ಎರಡೂ ಕಡೆಯವರು ಬೈದಿದ್ದಾರೆ. ಎಲ್ಲವನ್ನೂ ಹಿಡಿದು ಸಾಗಿಸಿ ಎನ್ನುವವರು ಒಂದು ಕಡೆ, ಕಚ್ಚಿದ ಮಗುವಿನ ಬಗ್ಗೆ ಮಾತೇ ಆಡದವರು ಇನ್ನೊಂದು ಕಡೆ. 2019ರ ಸಮೀಕ್ಷೆಯಲ್ಲಿ ನಗರದ ಬೀದಿ ನಾಯಿಗಳು 3.10 ಲಕ್ಷ, 2023ರಲ್ಲಿ 2.79 ಲಕ್ಷ. ಸಂತಾನಶಕ್ತಿಹರಣ ಚಿಕಿತ್ಸೆ ವ್ಯರ್ಥವಲ್ಲ, ಆದರೆ ಅದೊಂದೇ ಸಾಲದು. ರೇಬೀಸ್ ನಿಲ್ಲಬೇಕಾದರೆ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಾದರೂ ಲಸಿಕೆ ಬೀಳಬೇಕು. ನೆರೆಯ ಗೋವಾ ಇದನ್ನು ಮಾಡಿ ತೋರಿಸಿತು. ಪಶುಸಂಗೋಪನೆ, ಆರೋಗ್ಯ, ಸ್ವಯಂಸೇವಕರು ಒಟ್ಟಿಗೆ ಕೂತರು; ಬಲೆ ಹಿಡಿದು ಬೀದಿ ಬೀದಿ ಸುತ್ತಿ ಲಸಿಕೆ ಹಾಕಿದರು, ಶಾಲೆಗಳಿಗೆ ಹೋಗಿ ಮಕ್ಕಳಿಗೆ ಪಾಠ ಹೇಳಿದರು, ಸಂಶಯದ ನಾಯಿ ಕಂಡರೆ ಫೋನ್ ಮಾಡಲು ಒಂದು ಸಂಖ್ಯೆ ಕೊಟ್ಟರು. 2018, 2019ರಲ್ಲಿ ಆ ರಾಜ್ಯದಲ್ಲಿ ರೇಬೀಸಿನಿಂದ ಒಬ್ಬ ಮನುಷ್ಯನೂ ಸಾಯಲಿಲ್ಲ. ಗೋವಾ ಚಿಕ್ಕದು, ಬೆಂಗಳೂರು ದೊಡ್ಡದು ಎಂದು ತಳ್ಳಿಹಾಕಬೇಡಿ. ದೊಡ್ಡ ಊರನ್ನು ವಾರ್ಡುಗಳಾಗಿ ಒಡೆದಿರುವುದು ಮತ್ತೇತಕ್ಕೆ?

ನನ್ನ ಬೇಡಿಕೆ ದೊಡ್ಡ ಕಟ್ಟಡವಲ್ಲ, ಹೊಸ ಪ್ರಾಧಿಕಾರವೂ ಅಲ್ಲ. ವಾರ್ಡಿಗೊಂದು ಪುಸ್ತಕ. ನಾಯಿ ಕಡಿತ, ಸತ್ತ ಹೆಗ್ಗಣ, ಕೆರೆಯಲ್ಲಿ ತೇಲಿದ ಮೀನು, ಒಂದೇ ಸಾಲಿನ ಮನೆಗಳಲ್ಲಿ ಜ್ವರ, ಎಲ್ಲವೂ ಅದೇ ಪುಸ್ತಕದಲ್ಲಿ. ಆಶಾ ಕಾರ್ಯಕರ್ತೆ, ಪೌರಕಾರ್ಮಿಕರು, ಪಶುವೈದ್ಯರು, ಕೆರೆ ಕಾಯುವವರು, ಮಾಂಸದಂಗಡಿಯವರು ತಿಂಗಳಿಗೊಮ್ಮೆ ಒಂದೇ ಕೋಣೆಯಲ್ಲಿ ಕೂತು ಅದನ್ನು ಓದಲಿ. ಮಾಂಸದಂಗಡಿಯವರನ್ನು ಬೇಕೆಂದೇ ಸೇರಿಸಿದ್ದೇನೆ. ತ್ಯಾಜ್ಯ ಒಯ್ಯುವ ಗಾಡಿ ಹೊತ್ತಿಗೆ ಸರಿಯಾಗಿ ಬಂದರೆ ಅವರೇಕೆ ರಾತ್ರಿ ಕದ್ದು ಎಸೆಯುತ್ತಾರೆ? ಈಗಂತೂ 2025ರ ಸೆಪ್ಟೆಂಬರ್‌ನಿಂದ ನಗರ ಐದು ಪಾಲಿಕೆಗಳಾಗಿದೆ. ನಾಯಿ, ಹೆಗ್ಗಣ, ರಾಜಕಾಲುವೆಯ ನೀರು ಯಾವುದೂ ಆ ಗಡಿ ನೋಡಿ ನಿಲ್ಲುವುದಿಲ್ಲ. ಒಂದೇ ಪಾಲಿಕೆ ಇದ್ದಾಗ ಮಾತಾಡದ ವಿಭಾಗಗಳು ಐದಾದಾಗ ಮಾತಾಡುತ್ತವೆಯೇ ಎಂಬ ಭಯ ನನಗಿದೆ. ಅದಕ್ಕೇ ಈಗಲೇ ಕೇಳಬೇಕು.

ಯಾರಿಗೂ ಕಾಯದೆ ಒಂದು ಕೆಲಸ ಮಾಡಿದ್ದೇನೆ. ನಮ್ಮ ಬೀದಿಯ ಹಾಲಿನ ಬೂತಿನಲ್ಲಿ ನೂರು ಪುಟದ ನೋಟ್‌ಬುಕ್ ಇಟ್ಟು, ಪೆನ್ನನ್ನು ದಾರದಲ್ಲಿ ಕಟ್ಟಿದ್ದೇನೆ. ಎರಡು ತಿಂಗಳಲ್ಲಿ ಹದಿನೇಳು ಸಾಲುಗಳು ತುಂಬಿವೆ. ಮೊದಲ ಸಾಲು ಪೌರಕಾರ್ಮಿಕ ಮಹಿಳೆಯದು. ಅವರಿಗೆ ಬರೆಯಲು ಬಾರದು, ಅವರು ಹೇಳಿದರು, ಕಾಲಿನ ಗಾಯ ಮಾಗಿದ ಆ ಹುಡುಗ ಬರೆದ: "ಮೋರಿ ಪಕ್ಕ ಹೆಗ್ಗಣ ಸತ್ತಿದೆ. ಎರಡು."